ಕುದ್ಮುಲ್ ರಂಗರಾಯರ ಮಂಗಳೂರು: ಒಂದು ದಿನದ ನಡಿಗೆಗೆ ಹೊರಡುವವರಿಗೆ

ಪ್ರತಿ ವರ್ಷ ಜೂನ್ 29ರಂದು, ದಲಿತರ ಶಿಕ್ಷಣಕ್ಕಾಗಿ ದುಡಿದ ಸಮಾಜ ಸುಧಾರಕ ಕುದ್ಮುಲ್ ರಂಗರಾಯರ ಹುಟ್ಟಿದ ದಿನ, ಮಂಗಳೂರಿನ ಅತ್ತಾವರದ ಬಾಬುಗುಡ್ಡೆಯಲ್ಲಿ ಅವರ ಸಮಾಧಿಗೆ ಮಾಲಾರ್ಪಣೆ ನಡೆಯುತ್ತದೆ. ಅವರ ಜೀವನವನ್ನು ತಿಳಿಯುವ ಉದ್ದೇಶದಿಂದ ಹೊರಡುವವರಿಗೆ ನನ್ನ ಮೊದಲ ಸಲಹೆಯೆಂದರೆ, ಆ ದಿನ ಹೋಗಬೇಡಿ. ಜನ ಸೇರಿದಾಗ ಹಾರಗಳು ಕಾಣುತ್ತವೆ, ಸಮಾಧಿಯ ಬರಹವನ್ನು ನಿಂತು ಓದಲು ಅವಕಾಶ ಸಿಗುವುದಿಲ್ಲ. ಕಾನೂನು ಓದುತ್ತಿರುವ ಅಕ್ಕನ ಮಗನನ್ನು ಕರೆದುಕೊಂಡು ನಾನು ಹೋದದ್ದು ಜುಲೈ ಮೊದಲ ವಾರದಲ್ಲಿ. ಜನರೇನೋ ಇರಲಿಲ್ಲ, ಆದರೆ ಮಳೆಯ ಲೆಕ್ಕ ತಪ್ಪಿತು. ನೀವು ನವೆಂಬರಿನಿಂದ ಫೆಬ್ರುವರಿಯವರೆಗಿನ ದಿನಗಳನ್ನು ಆರಿಸಿಕೊಳ್ಳಿ. ಜನವರಿ 30 ಅವರು ತೀರಿಕೊಂಡ ದಿನವಾದ್ದರಿಂದ ಅದಕ್ಕೂ ಒಂದು ಅರ್ಥವಿದೆ.

ಉಡುಪಿಯಿಂದ ಬರುವವರಿಗೆ ಒಂದು ಅನುಕೂಲವಿದೆ. ಬಸ್ಸಿನ ದಾರಿಯೇ ರಂಗರಾಯರ ಕೆಲಸದ ಕ್ರಮವನ್ನು ಹೆಚ್ಚುಕಡಿಮೆ ಹಾಗೆಯೇ ಅನುಸರಿಸುತ್ತದೆ. ಸರ್ವಿಸ್ ಬಸ್ ಬಿಟ್ಟು ಎಕ್ಸ್‌ಪ್ರೆಸ್ ಹತ್ತಿದರೆ ಸುಮಾರು ಒಂದೂವರೆ ಗಂಟೆಯ ಪ್ರಯಾಣ. ಕೊಟ್ಟಾರ ಚೌಕಿ ದಾಟಿದ ಮೇಲೆ ನಿದ್ದೆ ಮಾಡದೆ ಕಿಟಕಿಯ ಹೊರಗೆ ನೋಡುತ್ತಿರಬೇಕು, ಏಕೆಂದರೆ ಲೇಡಿಹಿಲ್ ಬರುವ ಮುನ್ನ ಉರ್ವ ಚಿಲಿಂಬಿ ಸರಿದುಹೋಗುತ್ತದೆ. 1892ರಲ್ಲಿ ರಂಗರಾಯರು ದಲಿತ ಮಕ್ಕಳಿಗಾಗಿ ಮೊದಲ ಶಾಲೆ ತೆರೆದದ್ದು ಅಲ್ಲಿಯೇ, ಒಂದು ಬಾಡಿಗೆ ಕಟ್ಟಡದಲ್ಲಿ. ಆ ಶಾಲೆಯನ್ನು ಈಗ ಹುಡುಕಿಕೊಂಡು ಇಳಿಯಬೇಕಾಗಿಲ್ಲ. ಆದರೆ ಅಸ್ಪೃಶ್ಯರ ಮಕ್ಕಳು ಅಕ್ಷರ ಕಲಿಯುತ್ತಾರೆಂಬ ಒಂದೇ ಕಾರಣಕ್ಕೆ ಆ ಶಾಲೆ ವಿರೋಧ ಎದುರಿಸಿ ಜಾಗ ಬದಲಿಸಬೇಕಾಯಿತು ಎಂಬುದನ್ನು ಆ ರಸ್ತೆಯಲ್ಲಿ ಹೋಗುವಾಗ ನೆನೆದರೆ, ಮುಂದೆ ನೋಡುವುದೆಲ್ಲ ಬೇರೆಯಾಗಿ ಕಾಣುತ್ತದೆ.

ಹಿನ್ನೆಲೆಯನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡು ಕಡೆಯ ಕುದ್ಮುಲ್‌ನಲ್ಲಿ, ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ಮಂಗಳೂರಿಗೆ ಬಂದು ಶಿಕ್ಷಕರಾದರು, ಆಮೇಲೆ ವಕೀಲರಾದರು. ಬಡವರ ಪರವಾಗಿ ವಾದಿಸುವ ವಕೀಲರೆಂದು ಹೆಸರಾದರು. ಜಾತಿಭೇದವನ್ನು ವಿರೋಧಿಸಿದ ಸುಧಾರಣಾ ಪಂಥವಾದ ಬ್ರಹ್ಮಸಮಾಜದ ವಿಚಾರಗಳು ಅವರನ್ನು ಗಾಢವಾಗಿ ತಟ್ಟಿದ್ದವು. 1897ರಲ್ಲಿ ದಲಿತರ ಏಳಿಗೆಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದಾಗ ಸ್ವಂತ ಜಾತಿಯವರಿಂದಲೇ ಬಹಿಷ್ಕಾರವನ್ನು ಅನುಭವಿಸಿದರು.

ಪಿ.ವಿ.ಎಸ್. ನಿಲ್ದಾಣದಲ್ಲಿ ಇಳಿದು ಕೊಡಿಯಾಲ್‌ಬೈಲಿನ ಕಡೆಗೆ ನಡೆಯಿರಿ. ಮಿಷನ್ ಕೊನೆಗೆ ನೆಲೆಯೂರಿದ್ದು ಇಲ್ಲಿಯ ಶೇಡಿಗುಡ್ಡೆಯಲ್ಲಿ. ನನ್ನ ದೃಷ್ಟಿಯಲ್ಲಿ ಇಡೀ ಪ್ರವಾಸದಲ್ಲಿ ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಇದೇ, ಆದರೂ ಇಲ್ಲಿ ‘ನೋಡುವುದಕ್ಕೆ’ ಎಂದು ವಿಶೇಷವಾಗಿ ಏನೂ ಇಲ್ಲ. ಶಾಲೆ ತೆರೆದರಷ್ಟೇ ಮಕ್ಕಳು ಬರುವುದಿಲ್ಲವೆಂಬುದು ರಂಗರಾಯರಿಗೆ ಬೇಗ ಅರ್ಥವಾಗಿತ್ತು. ಮಗು ಶಾಲೆಗೆ ಬಂದರೆ ಮನೆಗೆ ಒಂದು ದುಡಿಮೆ ಖೋತಾ. ಆದ್ದರಿಂದ ಹಾಜರಾದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಡುವ ಪದ್ಧತಿ ಇಟ್ಟರು, ಮಧ್ಯಾಹ್ನದ ಊಟ ಹಾಕಿಸಿದರು. ಅದರ ಜೊತೆಗೆ ಮಗ್ಗದ ಕೆಲಸ ಕಲಿಸುವ ವ್ಯವಸ್ಥೆಯಾಯಿತು, ಮನೆ ಕಟ್ಟಿಕೊಳ್ಳಲು ನಿವೇಶನಗಳನ್ನು ಒದಗಿಸುವ ಪ್ರಯತ್ನ ನಡೆಯಿತು. ಸರಕಾರ ಬಿಸಿಯೂಟ ಆರಂಭಿಸುವುದಕ್ಕೆ ಎಷ್ಟೋ ದಶಕಗಳ ಮೊದಲು ಒಬ್ಬ ವಕೀಲರು ತಮ್ಮ ಸಂಪಾದನೆಯನ್ನೂ ದಾನಿಗಳ ಹಣವನ್ನೂ ಕೂಡಿಸಿ ಈ ಲೆಕ್ಕವನ್ನು ಹಾಕಿದ್ದರೆಂಬುದು ನಮ್ಮ ಹುಡುಗನಿಗೆ ಎಲ್ಲಕ್ಕಿಂತ ದೊಡ್ಡ ಆಶ್ಚರ್ಯ. “ಮಾವ, ಇದನ್ನು ನಮಗೆ ಪಾಠದಲ್ಲಿ ಯಾರೂ ಹೇಳಲಿಲ್ಲವಲ್ಲ” ಎಂದ. ನನಗೂ ಯಾರೂ ಹೇಳಿರಲಿಲ್ಲ.

ಒಂದು ಎಚ್ಚರಿಕೆ: ಈ ಪರಿಸರದಲ್ಲಿ ವಿದ್ಯಾರ್ಥಿನಿಯರ ವಸತಿನಿಲಯವಿದೆ. ಅನುಮತಿಯಿಲ್ಲದೆ ಒಳಗೆ ಹೋಗುವುದು, ಗೇಟಿನ ಬಳಿ ನಿಂತು ಫೋಟೋ ತೆಗೆಯುವುದು ಸಲ್ಲದು. ಗುಂಪಾಗಿ ಬರುವ ಶಾಲಾ ಶಿಕ್ಷಕರು ಮುಂಚಿತವಾಗಿ ಪತ್ರ ಬರೆದು ಒಪ್ಪಿಗೆ ಪಡೆಯುವುದು ಸರಿಯಾದ ಕ್ರಮ.

ಅಲ್ಲಿಂದ ಹಂಪನಕಟ್ಟೆಗೆ ನಡೆದೇ ಬರಬಹುದು. ನೆಹರು ಮೈದಾನದ ಹತ್ತಿರವಿರುವ ಪುರಭವನಕ್ಕೆ ಈಗ ಕುದ್ಮುಲ್ ರಂಗರಾವ್ ಅವರ ಹೆಸರಿದೆ. ಯಕ್ಷಗಾನ, ನಾಟಕ, ಸನ್ಮಾನ ಎಂದು ವರ್ಷವಿಡೀ ಕಾರ್ಯಕ್ರಮಗಳು ನಡೆಯುವ ಜಾಗವಾದರೂ ಆಮಂತ್ರಣ ಪತ್ರಿಕೆಗಳಲ್ಲಿ ಬಹುತೇಕ ‘ಟೌನ್‌ಹಾಲ್’ ಎಂದೇ ಅಚ್ಚಾಗುತ್ತದೆ. ಇಲ್ಲಿ ಹತ್ತು ನಿಮಿಷ ಸಾಕು. ಊಟಕ್ಕೆ ಸುತ್ತಮುತ್ತ ಹೋಟೆಲುಗಳಿವೆ. ನಾವು ಬನ್ಸ್, ಗೋಳಿಬಜೆಯಲ್ಲೇ ಹೊಟ್ಟೆ ತುಂಬಿಸಿಕೊಂಡದ್ದು ಮಳೆಯ ದೆಸೆಯಿಂದ.

ಬಾಬುಗುಡ್ಡೆಗೆ ರಿಕ್ಷಾ ಹಿಡಿಯುವಾಗ ಸ್ಪಷ್ಟವಾಗಿ ‘ಅತ್ತಾವರ ಬಾಬುಗುಡ್ಡೆ’ ಎಂದೇ ಹೇಳಿ. ನಾನು ಗಡಿಬಿಡಿಯಲ್ಲಿ ‘ಗುಡ್ಡೆಗೆ ಹೋಗಬೇಕು, ರಂಗರಾಯರ ಸಮಾಧಿ’ ಎಂದಾಗ ಚಾಲಕರು, “ಯಾವ ಗುಡ್ಡೆ ಮಾರಾಯ್ರೆ? ಮಂಗಳೂರಲ್ಲಿ ಗುಡ್ಡೆ ಅಲ್ಲದ್ದು ಯಾವುದುಂಟು?” ಎಂದು ನಕ್ಕರು. ಮಂಗಳೂರು ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಇಳಿಯುವವರಿಗೆ ಅತ್ತಾವರ ಹತ್ತಿರ. ಅವರು ಬೇಕಿದ್ದರೆ ಇಲ್ಲಿಂದಲೇ ಆರಂಭಿಸಬಹುದಾದರೂ, ಸಮಾಧಿಯನ್ನು ಕೊನೆಗೆ ನೋಡುವುದೇ ಉತ್ತಮ ಎಂಬುದು ನನ್ನ ಅಭಿಪ್ರಾಯ.

ಸಮಾಧಿ ಇರುವುದು ಬ್ರಹ್ಮಸಮಾಜದ ಸ್ಮಶಾನದಲ್ಲಿ. ಕೊನೆಗಾಲದಲ್ಲಿ, 1927ರಲ್ಲಿ, ಸಂನ್ಯಾಸ ಸ್ವೀಕರಿಸಿ ಈಶ್ವರಾನಂದ ಎಂಬ ಹೆಸರು ಪಡೆದ ರಂಗರಾಯರು 1928ರ ಜನವರಿ 30ರಂದು ನಿಧನರಾದರು. ತಮ್ಮ ಅಂತ್ಯಸಂಸ್ಕಾರವನ್ನು ದಲಿತರೇ ನೆರವೇರಿಸಬೇಕೆಂದು ಅವರು ಬಯಸಿದ್ದರು, ಹಾಗೆಯೇ ನಡೆಯಿತು. ಅವರ ಮಗಳು ರಾಧಾಬಾಯಿಯ ಮದುವೆ ಜಾತಿಯ ಗೆರೆಯನ್ನೂ ಭಾಷೆಯ ಗೆರೆಯನ್ನೂ ದಾಟಿ ತಮಿಳುನಾಡಿನ ಕುಮಾರಮಂಗಲದ ಜಮೀನ್ದಾರ ಪಿ. ಸುಬ್ಬರಾಯನ್ ಅವರೊಡನೆ ಆಗಿತ್ತು. ಮಾವ ತೀರಿಕೊಂಡಾಗ ಅಳಿಯ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿ, ಮಂಗಳೂರು ಅದೇ ಪ್ರಾಂತ್ಯದ ಒಂದು ಜಿಲ್ಲಾ ಕೇಂದ್ರ. ಇಷ್ಟೆಲ್ಲ ಇದ್ದೂ ರಂಗರಾಯರು ತಮ್ಮ ಅಂತ್ಯಸಂಸ್ಕಾರಕ್ಕೆ ಕೇಳಿಕೊಂಡದ್ದು ದಲಿತರ ಕೈಗಳನ್ನು.

ಸಮಾಧಿಯ ಬಳಿ ಓದಬೇಕಾದದ್ದು ಅವರ ಆಸೆಯ ಮಾತು: ತಾವು ಓದಿಸಿದ ಮಕ್ಕಳು ಸರಕಾರಿ ನೌಕರಿ ಹಿಡಿದು ಕಾರಿನಲ್ಲಿ ಊರ ರಸ್ತೆಯಲ್ಲಿ ಓಡಾಡಬೇಕು, ಆ ಕಾರಿನ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ಅದರ ಭಾವ. ನಾವು ನಿಂತ ಹೊತ್ತಿನಲ್ಲಿ ಧೂಳಿನ ಸುಳಿವೇ ಇರಲಿಲ್ಲ, ತಂದಿದ್ದ ಮಲ್ಲಿಗೆಯ ಚೆಂಡು ಪೂರ್ತಿ ತೊಯ್ದುಹೋಗಿತ್ತು. ಹುಡುಗ ಕೊಡೆಯನ್ನು ನನ್ನ ಕೈಗೆ ಕೊಟ್ಟು, ಆ ಮಾತನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡ. ಕಲ್ಲಿನ ಮೆಟ್ಟಿಲುಗಳು ಮಳೆಗಾಲದಲ್ಲಿ ಎಲ್ಲಿಯೇ ಆಗಲಿ ಪಾಚಿಗಟ್ಟುತ್ತವೆ, ಹಿರಿಯರು ಜೊತೆಗಿದ್ದರೆ ಒಳ್ಳೆಯ ಹಿಡಿತದ ಚಪ್ಪಲಿ ಇರಲಿ.

ಇಡೀ ಸುತ್ತಾಟಕ್ಕೆ ನಾಲ್ಕರಿಂದ ಐದು ಗಂಟೆ ಬೇಕು. ಹಿಂದಿರುಗುವ ಉಡುಪಿ ಬಸ್ಸುಗಳು ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಡುತ್ತವೆ, ಸಂಜೆ ಐದರ ಮೇಲೆ ಕೂರಲು ಜಾಗ ಸಿಗುವುದು ಕಷ್ಟ. ಹುಟ್ಟೂರಿನ ಕಡೆಗೂ ಹೋಗಬೇಕೆನ್ನುವವರು ಮಂಗಳೂರಿನಲ್ಲಿ ರಾತ್ರಿ ತಂಗಿ, ಮರುದಿನ ಬೆಳಿಗ್ಗೆ ಸೆಂಟ್ರಲ್‌ನಿಂದ ಕಾಸರಗೋಡಿಗೆ ರೈಲು ಹಿಡಿಯಬಹುದು. ನಾವು ಅದನ್ನು ಡಿಸೆಂಬರಿಗೆ ಇಟ್ಟುಕೊಂಡಿದ್ದೇವೆ.