ಮಾವ ಹೇಳಿದ ಒಂದು, ನಾಲ್ಕು, ಐದು

ಕಳೆದ ಜನವರಿಯ ಒಂದು ಭಾನುವಾರ ಮೂಡಿಗೆರೆ ಬಳಿಯ ಸೋದರಮಾವನ ತೋಟದ ಮನೆಯಲ್ಲಿ, ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದೆ. ಕಾಂಡಕೊರಕ ಹುಳು ಹೊಕ್ಕು ಕಿತ್ತುಹಾಕಿದ ಕಾಫಿ ಗಿಡಗಳ ಜಾಗದಲ್ಲಿ ಮತ್ತೆ ಅರೇಬಿಕಾ ನೆಡಬೇಕೋ ರೋಬಸ್ಟಾಕ್ಕೆ ಹೋಗಬೇಕೋ ಎಂಬುದು ಅವರ ಚಿಂತೆ. ಹಾಸನದಲ್ಲಿ ನಾನು ಪಾಠ ಮಾಡುವ ವಿಷಯವೇ ನಿರ್ಣಯ ವಿಧಾನಗಳಾದ್ದರಿಂದ, ಲೆಕ್ಕ ಹಾಕಿ ನೋಡೋಣವೆಂದು ನಾನೇ ಮುಂದೆ ಬಂದಿದ್ದೆ.

ಮಾನದಂಡಗಳನ್ನು ಎರಡೆರಡಾಗಿ ಹೋಲಿಸಿ 1ರಿಂದ 9ರವರೆಗೆ ತೂಕ ಕೊಡುವ ಕ್ರಮವನ್ನು ಥಾಮಸ್ ಸಾಟಿ 1970ರ ದಶಕದಲ್ಲಿ ರೂಪಿಸಿದರು. ಆದರೆ ತೋಟಗಾರನೊಬ್ಬ ‘ಸರಿಯಾಗಿ ಮೂರು ಪಟ್ಟು’ ಎಂದು ಹೇಳುವುದಿಲ್ಲ, ‘ಎರಡು ಮೂರು ಪಟ್ಟು, ಹೆಚ್ಚೆಂದರೆ ನಾಲ್ಕು’ ಎನ್ನುತ್ತಾನೆ. ಲೋಟ್ಫಿ ಝಾದೆ 1965ರಲ್ಲಿ ಮಂಡಿಸಿದ ಫಜ್ಜಿ ಗಣಗಳ, ಅಂದರೆ ಅಂಚು ಖಚಿತವಿಲ್ಲದ ಗಣಗಳ, ಕಲ್ಪನೆ ಒದಗಿಬರುವುದು ಇಲ್ಲಿಯೇ: ಆ ಮಾತನ್ನು (2, 3, 4) ಎಂದು, ಕೆಳಮಿತಿ, ನಡು, ಮೇಲ್ಮಿತಿಗಳೊಂದಿಗೆ ಹಾಗೆಯೇ ಬರೆದುಕೊಳ್ಳಬಹುದು.

ಇಳುವರಿಗಿಂತ ಕಾಂಡಕೊರಕದ ತಡೆ (2, 3, 4) ಪಟ್ಟು ಮುಖ್ಯ, ಕೂಲಿಯ ಖರ್ಚಿಗಿಂತ ಇಳುವರಿ (1, 2, 3) ಪಟ್ಟು ಮುಖ್ಯ ಎಂದರು ಮಾವ. ಕೂಲಿಯ ಖರ್ಚಿಗಿಂತ ಕಾಂಡಕೊರಕದ ತಡೆ ಎಷ್ಟು ಪಟ್ಟು ಮುಖ್ಯವೆಂದು ಕೇಳಿದಾಗ ಸ್ವಲ್ಪ ತಡೆದು, “ನಾಲ್ಕು ಅಂತ ಬರಕೋ, ಐದೂ ಆಗಬಹುದು. ಕೆಲವು ಕಡೆ ಎರಡೂ ಸಮವೇ ಮಾರಾಯ” ಎಂದರು. (1, 4, 5) ಎಂದು ಬರೆದೆ.

ಹೋಲಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆಂದು ತೋರಿಸುವುದು ಸುಸಂಗತತೆಯ ಅನುಪಾತ; ನಡುವಿನ ಸಂಖ್ಯೆಗಳಿಗೆ ಅದು 0.02 ಬಂತು. 0.1ಕ್ಕಿಂತ ಕಡಿಮೆಯಿದ್ದರೆ ಒಪ್ಪಬಹುದೆಂಬುದು ರೂಢಿ, ಅನೇಕರು ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಅದು ಸಾಲದೆಂದು ನಾನು ದೃಢವಾಗಿ ನಂಬಿದ್ದೇನೆ, ಏಕೆಂದರೆ ಅಂಚುಗಳನ್ನು ಕೇಳಿ ಬರೆದುಕೊಂಡು ಪರೀಕ್ಷೆಯ ಹೊತ್ತಿಗೆ ಅವನ್ನು ಕೈಬಿಟ್ಟರೆ ಫಜ್ಜಿ ಸಂಖ್ಯೆ ತೆಗೆದುಕೊಂಡದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಸಂಶೋಧಕರಾದ ಗೋಗುಸ್ ಮತ್ತು ಬೌಚರ್ 1998ರಲ್ಲಿ ಸೂಚಿಸಿದಂತೆ ಕೆಳಮಿತಿ ಮೇಲ್ಮಿತಿಗಳ ಗುಣಲಬ್ಧದ ವರ್ಗಮೂಲದಿಂದ ಎರಡನೆಯ ಕೋಷ್ಟಕ ಮಾಡಿ, ಅದರ ಅಸಂಗತತೆಯ ಅಳತೆಯನ್ನು ಅದಕ್ಕೆಂದೇ ಅವರು ಕೊಟ್ಟ ಸೂಚ್ಯಂಕದಿಂದ ಭಾಗಿಸಿದೆ. 0.19 ಬಂತು.

ತಪ್ಪು ಎಲ್ಲಿದೆಯೆಂದು ಕಾಣಲು ಕಷ್ಟವಿರಲಿಲ್ಲ. (1, 4, 5)ರಲ್ಲಿನ ಆ 1ನ್ನು 3 ಮಾಡಿದರೆ ಈ ಅನುಪಾತವೂ 0.02ಕ್ಕೆ ಇಳಿಯುತ್ತಿತ್ತು, ಮಾವನಿಗೆ ತಿಳಿಯುತ್ತಲೂ ಇರಲಿಲ್ಲ. ಕೀಲಿಯ ಮೇಲೆ ಬೆರಳಿಟ್ಟವನು ತೆಗೆದೆ. ಅದು ಅವರ ಮಾತು, ತಿದ್ದುವುದಿದ್ದರೆ ಅವರೇ ತಿದ್ದಬೇಕು.

“ಮಾವ, ಎರಡೂ ಸಮ ಅಂದಿರಲ್ಲ, ಅದು ಎಲ್ಲಿ?” ಎಂದು ಕೇಳಿದೆ. ಅವರು ಉತ್ತರ ಹೇಳದೆ ಎದ್ದು ನಡೆದರು. ಮರ ಕಡಿದು ಬಿಸಿಲು ಬೀಳುತ್ತಿದ್ದ ಪಟ್ಟೆಯಲ್ಲಿ ಒಂದು ಗಿಡದ ಬೊಡ್ಡೆ ಹಿಡಿದು, ತೊಗಟೆಯ ಮೇಲೆ ಉಂಗುರದಂತೆ ಎದ್ದಿದ್ದ ಉಬ್ಬನ್ನು ಹೆಬ್ಬೆರಳಿನಿಂದ ಸವರಿ ತೋರಿಸಿದರು; ಒಳಗೆ ಹುಳು ಕೊರೆದ ಗುರುತು ಅದು. ಬಿಸಿಲಿನ ಕಾಂಡವನ್ನೇ ಆ ದುಂಬಿ ಹೆಚ್ಚಾಗಿ ಹುಡುಕುತ್ತದೆ. ಕೆಳಗಿನ ದಟ್ಟ ನೆರಳಿನಲ್ಲಿ ಅದರ ಕಾಟ ಕಡಿಮೆ, ಅಲ್ಲಿ ಅವರನ್ನು ಕಾಡುವುದು ಆಳಿನ ಖರ್ಚು. ಮೊದಲ ಎರಡು ಹೋಲಿಕೆಗಳನ್ನು ಅವರು ಮಾಡಿದ್ದು ಬಿಸಿಲಿನ ಪಟ್ಟೆಯನ್ನು ನೆನೆದು, ಮೂರನೆಯದರಲ್ಲಿ ನೆರಳಿನ ಭಾಗವೂ ಸೇರಿಕೊಂಡಿತ್ತು. ಎರಡು ಜಾಗಗಳನ್ನು ಒಂದೇ ಕೋಷ್ಟಕದಲ್ಲಿ ಕೂಡಿಸಿದವನು ನಾನು.

ಮನೆಗೆ ಬಂದು ಕೋಷ್ಟಕವನ್ನು ಎರಡಾಗಿ ಮಾಡಿದೆ. ಬಿಸಿಲಿನ ಪಟ್ಟೆಗೆ ಆ ಹೋಲಿಕೆಯನ್ನು ಮಾವನೇ (4, 5, 6) ಎಂದು ಬದಲಿಸಿದರು, ಎರಡೂ ಅನುಪಾತಗಳು 0.01ರ ಒಳಗೆ ಬಂದವು. ನೆರಳಿನ ಭಾಗಕ್ಕೆ ಮೂರೂ ಹೋಲಿಕೆಗಳನ್ನು ಹೊಸದಾಗಿ ಕೇಳಬೇಕಿತ್ತು. ಅಲ್ಲಿ ಇನ್ನೊಮ್ಮೆ ಸುತ್ತಿ ನೋಡಿ ಹೇಳುತ್ತೇನೆಂದರು. ಕೋಷ್ಟಕದ ಆ ಮನೆಗಳನ್ನು ಖಾಲಿ ಬಿಟ್ಟೇ ಸಂಜೆಯ ಬಸ್ಸಿಗೆ ಹೊರಟೆ.