ಟೋಕನ್ ಪ್ರಕಾರ ಕರೆಯಿರಿ ಎಂದು ಕೇಳಿದ್ದಕ್ಕೆ

ಹಾಸನದ ಖಾಸಗಿ ಆಸ್ಪತ್ರೆಗಳಿಗೆ ಕೆಲವು ತಜ್ಞ ವೈದ್ಯರು ಬೆಂಗಳೂರು, ಮೈಸೂರು ಅಥವಾ ಮಂಗಳೂರಿನಿಂದ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಬಂದು, ನಾಲ್ಕೈದು ಗಂಟೆ ರೋಗಿಗಳನ್ನು ನೋಡಿ ಹಿಂದಿರುಗುತ್ತಾರೆ. ಅವರು ಬರುವುದು ನಮ್ಮಂಥವರಿಗೆ ದೊಡ್ಡ ಉಪಕಾರವೇ ಹೌದು; ಅವರು ಬಾರದಿದ್ದರೆ ಸಕಲೇಶಪುರ, ಬೇಲೂರು, ಅರಕಲಗೂಡಿನ ಕಡೆಯ ಎಷ್ಟೋ ರೋಗಿಗಳು ಪ್ರತಿ ಸಲವೂ ದೊಡ್ಡ ಊರಿಗೇ ಹೋಗಬೇಕಾಗುತ್ತಿತ್ತು. ಆದರೆ ಆ ನಾಲ್ಕೈದು ಗಂಟೆಗಳಲ್ಲಿ ಯಾರಿಗೆ ಎಷ್ಟು ಸಿಗಬೇಕು ಎಂಬುದು ವೈದ್ಯರ ಕೋಣೆಯ ಹೊರಗಿರುವ ಒಂದು ಮೇಜಿನ ಬಳಿ ತೀರ್ಮಾನವಾಗುತ್ತದೆ. ಆ ಮೇಜಿನ ಬಳಿ ನನ್ನ ದೊಡ್ಡಮ್ಮನಿಗೆ ಆದ ಅನ್ಯಾಯವನ್ನೂ ಅದಕ್ಕೆ ನಾವು ಏನು ಮಾಡಿದೆವು ಎಂಬುದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರನ್ನು ಹೇಳುವುದಿಲ್ಲ. ದೂರು ಇನ್ನೂ ಇತ್ಯರ್ಥವಾಗಿಲ್ಲ, ಮತ್ತು ಈ ಪದ್ಧತಿ ಆ ಒಂದು ಆಸ್ಪತ್ರೆಯದು ಮಾತ್ರವೂ ಅಲ್ಲ.

ದೊಡ್ಡಮ್ಮನಿಗೆ ಎಪ್ಪತ್ತು ದಾಟಿದೆ. ಕೆಲವು ವರ್ಷಗಳಿಂದ ಪಾರ್ಕಿನ್ಸನ್ ಕಾಯಿಲೆ ಇದೆ. ಅವರ ಊರು ಸಕಲೇಶಪುರ ತಾಲ್ಲೂಕಿನ ಹೆತ್ತೂರು ಹೋಬಳಿಯಲ್ಲಿ. ಹಾಸನಕ್ಕೆ ಬರಬೇಕಾದ ದಿನ ಅವರ ಮಗ, ಅಂದರೆ ನನ್ನ ಅಣ್ಣ, ತೋಟದ ಕೆಲಸ ಬಿಟ್ಟು ಅವರನ್ನು ಬೆಳಗಿನ ಮೊದಲ ಬಸ್ಸಿಗೆ ಹತ್ತಿಸಿಕೊಂಡು ಸಕಲೇಶಪುರಕ್ಕೆ ಬಂದು, ಅಲ್ಲಿ ಬಸ್ಸು ಬದಲಾಯಿಸಿ, ಬಾಳ್ಳುಪೇಟೆಯ ಮೇಲೆ ಮತ್ತೆ ಸುಮಾರು ನಲವತ್ತು ಕಿಲೋಮೀಟರ್ ಬರಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ದೊಡ್ಡಮ್ಮನ ಟಿಕೆಟ್ಟಿನ ಖರ್ಚು ಉಳಿದಿದೆ, ಅದಕ್ಕೆ ನಾವು ಕೃತಜ್ಞರು. ಆದರೆ ಅಣ್ಣನ ಅಂದಿನ ಕೂಲಿ ಹೋಗುವುದು ತಪ್ಪಿಲ್ಲ. ಸಂಜೆ ಹೆತ್ತೂರಿನ ಕೊನೆಯ ಬಸ್ಸು ತಪ್ಪಿದರೆ ಮನೆ ಸೇರುವುದಕ್ಕೆ ಜೀಪನ್ನೋ ಆಟೋವನ್ನೋ ಬಾಡಿಗೆಗೆ ಹಿಡಿಯಬೇಕು.

ಈ ಕಾಯಿಲೆಯ ಬಗ್ಗೆ ಒಂದು ವಿಷಯವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅದು ಗೊತ್ತಿಲ್ಲದವರಿಗೆ ಕಾಯುವುದು ಕೇವಲ ಬೇಸರದ ಸಂಗತಿಯಾಗಿ ಕಾಣಬಹುದು. ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಉತ್ಪಾದಿಸುವ ಜೀವಕೋಶಗಳು ಕ್ರಮೇಣ ನಶಿಸುವುದರಿಂದ ಪಾರ್ಕಿನ್ಸನ್ ಬರುತ್ತದೆ, ಆ ಕೊರತೆಯನ್ನು ತುಂಬಲು ಲೆವೊಡೋಪಾ ಎಂಬ ಔಷಧಿಯನ್ನು ಕೊಡುತ್ತಾರೆ. ಕಾಯಿಲೆ ಹಳೆಯದಾದಂತೆ ಒಂದು ಮಾತ್ರೆಯ ಪರಿಣಾಮ ಕೆಲವೇ ಗಂಟೆ ಉಳಿಯುತ್ತದೆ. ಅದು ಇಳಿಯುತ್ತಿದ್ದಂತೆ ಕೈ ನಡುಗುತ್ತದೆ, ಕಾಲು ನೆಲಕ್ಕೆ ಅಂಟಿಕೊಂಡಂತೆ ಆಗುತ್ತದೆ, ಮಾತು ಸಣ್ಣದಾಗುತ್ತದೆ. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗಬೇಕು. ಬೇಳೆ, ಮೊಟ್ಟೆ, ಹಾಲಿನಂಥ ಪ್ರೋಟೀನ್ ಹೆಚ್ಚಿರುವ ಆಹಾರದ ಜೊತೆಗೆ ತೆಗೆದುಕೊಂಡರೆ ಅದು ಸರಿಯಾಗಿ ಹೀರಿಕೊಳ್ಳದೆ ಹೋಗಬಹುದು. ವೈದ್ಯರು ಬೆರಳುಗಳನ್ನು ಬೇಗಬೇಗ ತಟ್ಟಿಸಿ ನೋಡುತ್ತಾರೆ, ಕುರ್ಚಿಯಿಂದ ಕೈ ಊರದೆ ಏಳಲು ಹೇಳುತ್ತಾರೆ, ನಡೆಸಿ ತಿರುಗಿಸಿ ನೋಡುತ್ತಾರೆ, ಮಾತ್ರೆ ಎಷ್ಟು ಹೊತ್ತು ಕೆಲಸ ಮಾಡುತ್ತಿದೆ ಎಂದು ವಿಚಾರಿಸಿ ಪ್ರಮಾಣವನ್ನು ಹೊಂದಿಸುತ್ತಾರೆ. ಇಂಥ ರೋಗಿಗೆ ಹತ್ತೂವರೆಗೆ ಬನ್ನಿ ಎಂದು ಹೇಳಿದರೆ ಮನೆಯವರು ಬಸ್ಸು, ಊಟ, ಮಾತ್ರೆ ಮೂರನ್ನೂ ಆ ಹೊತ್ತಿಗೆ ಹೊಂದಿಸಿಕೊಂಡು ಬರುತ್ತಾರೆ. ಕೊಟ್ಟ ಸಮಯವನ್ನು ಕಾರಣವಿಲ್ಲದೆ ಮುರಿದಾಗ ಕೆಡುವುದು ಚಿಕಿತ್ಸೆಯೇ.

ಹಿಂದಿನ ವಾರವೇ ಫೋನ್ ಮಾಡಿ ಹೆಸರು ಬರೆಸಿದ್ದೆವು. ಅಂದು ಹತ್ತು ಗಂಟೆಗೆ ಕೌಂಟರಿನಲ್ಲಿ ಹಣ ಕಟ್ಟಿದೆವು. ಕಂಪ್ಯೂಟರಿನಿಂದ ಬಂದ ರಶೀದಿಯಲ್ಲಿ ಟೋಕನ್ ಸಂಖ್ಯೆ 6, ಸಮಯ ಹತ್ತೂವರೆ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ವೈದ್ಯರು ಬಂದಾಗ ಹನ್ನೊಂದು ದಾಟಿತ್ತು. ಅದಕ್ಕೆ ನಮ್ಮ ಆಕ್ಷೇಪಣೆ ಇಲ್ಲ. ದೂರದಿಂದ ಬರುವವರಿಗೆ ತಡವಾಗುವುದು ಸಹಜ. ಮೊದಲ ಮೂರು ಸಂಖ್ಯೆಗಳನ್ನು ಕ್ರಮವಾಗಿ ಕರೆದರು. ಆಮೇಲೆ ಫಿಟ್ಸ್ ಬಂದಿದ್ದ ಒಂದು ಮಗುವನ್ನು ತಂದೆ ಹೆಗಲ ಮೇಲೆ ಹಾಕಿಕೊಂಡು ಓಡಿಬಂದರು. ಬೆಂಚಿನಲ್ಲಿ ಕುಳಿತಿದ್ದವರೆಲ್ಲ ಎದ್ದು ದಾರಿ ಬಿಟ್ಟರು. ನಾಲ್ಕನೆಯ ಟೋಕನ್ನಿನವರೇ ಬಾಗಿಲು ತೆರೆದು ಹಿಡಿದರು. ಮುಕ್ಕಾಲು ಗಂಟೆ ಹೋಯಿತು, ಯಾರೂ ಒಂದು ಮಾತು ಗೊಣಗಲಿಲ್ಲ. ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಸರದಿಯನ್ನು ಮುರಿಯಲೇಬಾರದು ಎಂದು ನಾವು ಹಟ ಹಿಡಿದಿದ್ದೆವು ಎಂದು ಆಸ್ಪತ್ರೆಯವರು ಆಮೇಲೆ ಹೇಳಿದರು, ಅದು ಸತ್ಯವಲ್ಲ. ಜೀವಕ್ಕೆ ಅಪಾಯವಿರುವವರು ಮೊದಲು ಹೋಗಬೇಕು ಎಂಬುದನ್ನು ಅಲ್ಲಿದ್ದ ಹಳ್ಳಿಯ ಜನರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಅನ್ಯಾಯ ಶುರುವಾದದ್ದು ಅದರ ನಂತರ. ಮೇಜಿನ ಮೇಲಿದ್ದ ಅಚ್ಚಾದ ಪಟ್ಟಿಯ ಅಡಿಯಲ್ಲಿ ಕೈಯಲ್ಲಿ ಬರೆದ ಇನ್ನೊಂದು ಚೀಟಿ ಇತ್ತು. ಕಾರಿನಲ್ಲಿ ಬಂದವರು ಮೇಜಿನ ಬಳಿ ಬಗ್ಗಿ ಒಂದು ಹೆಸರು ಹೇಳುತ್ತಿದ್ದರು, ಆ ಸಿಬ್ಬಂದಿ ಚೀಟಿಯನ್ನು ನೋಡಿ ಅವರನ್ನು ಒಳಗೆ ಕಳುಹಿಸುತ್ತಿದ್ದರು. ಹೀಗೆ ಹೋದವರಲ್ಲಿ ಕೆಲವರು ನಮ್ಮ ಕಣ್ಣೆದುರೇ ಆಗಷ್ಟೇ ಬಂದವರು. ನಾನು ಹೋಗಿ ರಶೀದಿ ತೋರಿಸಿ ವಿಚಾರಿಸಿದಾಗ, "ಅವ್ರು ಡಾಕ್ಟ್ರಿಗೆ ಗೊತ್ತಿರೋರು ಮೇಡಂ, ಮೇಲಿಂದ ಹೇಳಿದಾರೆ, ನಾನೇನ್ ಮಾಡ್ಲಿ" ಎಂದರು. ಎರಡನೆಯ ಸಲ ಹೋದಾಗ ದನಿ ಏರಿತು: "ಅಜ್ಜಿಗೆ ಅರ್ಜೆಂಟ್ ಏನಿಲ್ವಲ್ಲ, ಹಳ್ಳಿಯಿಂದ ಬಂದಿದೀರ, ಸ್ವಲ್ಪ ಕಾಯ್ಬೇಕಪ್ಪ." ಹಳ್ಳಿಯಿಂದ ಬಂದಿರುವುದು ಕಾಯಿಸುವುದಕ್ಕೆ ಹೇಗೆ ಕಾರಣವಾಗುತ್ತದೆ ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ಬೇಗ ನೋಡಿ ಕಳುಹಿಸುವುದಕ್ಕೆ ಅದು ಕಾರಣವಾಗಬೇಕಿತ್ತು.

ಒಂದು ಗಂಟೆಯ ಹೊತ್ತಿಗೆ ದೊಡ್ಡಮ್ಮನ ಮಾತ್ರೆಯ ಪರಿಣಾಮ ಇಳಿದಿತ್ತು. ಅವರು ಬಲಗೈಯನ್ನು ಸೆರಗಿನಲ್ಲಿ ಸುತ್ತಿ, ಅದರ ಮೇಲೆ ಎಡಗೈಯನ್ನು ಒತ್ತಿ ಹಿಡಿದು ಕುಳಿತಿದ್ದರು. ನಡುಕ ಎದುರಿನವರಿಗೆ ಕಾಣಬಾರದು ಎಂದು ಅವರು ಹಾಗೆ ಮಾಡುತ್ತಾರೆ. ಸೆರಗು ಮಾತ್ರ ಅದುರುತ್ತಲೇ ಇತ್ತು. ಶೌಚಾಲಯಕ್ಕೆ ಹೋಗಬೇಕೆಂದಾಗ ಎದ್ದು ನಿಲ್ಲಲು ಆಗಲಿಲ್ಲ. ಅಣ್ಣನೂ ನಾನೂ ಎರಡು ಕಡೆ ಹಿಡಿದು ಎಬ್ಬಿಸಿದೆವು. ಎರಡು ಗಂಟೆಗೆ ವೈದ್ಯರು ಚೀಲ ಹಿಡಿದು ಇನ್ನೊಂದು ಬಾಗಿಲಿನಿಂದ ಹೊರಟುಹೋದರು. ಅರಕಲಗೂಡಿನ ಕಡೆಯ ಒಬ್ಬ ಹಿರಿಯರೂ ಸೇರಿದಂತೆ ಉಳಿದವರಿಗೆಲ್ಲ "ಮುಂದಿನ ವಾರ ಬನ್ನಿ, ಇದೇ ರಶೀದಿ ನಡೆಯುತ್ತೆ" ಎಂಬ ಉತ್ತರ ಸಿಕ್ಕಿತು. ಹಣ ಹಿಂದಿರುಗಿಸಿ ಎಂದರೆ ಅದಕ್ಕೆ ಅವಕಾಶವಿಲ್ಲ ಎಂದರು.

ಆಗ ನಾನು ಕೇಳಿದ್ದು ಒಂದೇ. ಹಣ ಕಟ್ಟಿದ್ದೇವೆ, ಟೋಕನ್ ಇದೆ, ಆದರೂ ಇವರನ್ನು ಇಂದು ನೋಡಿಲ್ಲ ಎಂದು ಈ ರಶೀದಿಯ ಹಿಂಬದಿಯಲ್ಲಿ ಬರೆದು ಸಹಿ ಮಾಡಿ ಕೊಡಿ. ಅಲ್ಲಿಯವರೆಗೆ ಗಟ್ಟಿಯಾಗಿ ಮಾತನಾಡುತ್ತಿದ್ದ ಸಿಬ್ಬಂದಿ ಸುಮ್ಮನಾದರು. ನಾವು ಕೂಗಾಡಿದ್ದರೆ ಕಾವಲುಗಾರರನ್ನು ಕರೆಯುತ್ತಿದ್ದರೇನೋ. ಬರೆದು ಕೊಡಿ ಎಂದದ್ದಕ್ಕೆ ಆಡಳಿತಾಧಿಕಾರಿಯನ್ನು ಕರೆದರು. ಆ ಮೇಜಿನ ಹುಡುಗಿಯ ಮೇಲೆ ನನಗೆ ದ್ವೇಷವಿಲ್ಲ. ಚೀಟಿಯಲ್ಲಿ ಹೆಸರು ಬರೆಸಿದವರು ಬೇರೆ, ಅದಕ್ಕಾಗಿ ದಿನವಿಡೀ ಬೈಸಿಕೊಳ್ಳುವವರು ಅವರು. ಆದ್ದರಿಂದ ನಮ್ಮ ಪತ್ರದಲ್ಲಿ ಅವರ ಹೆಸರನ್ನು ಬರೆಯಲಿಲ್ಲ.

ಪತ್ರವನ್ನು ಅಲ್ಲಿಯೇ ಕುಳಿತು ಬಿಳಿ ಹಾಳೆಯಲ್ಲಿ ಬರೆದೆವು. ದಿನಾಂಕ, ರಶೀದಿ ಸಂಖ್ಯೆ, ಟೋಕನ್ ಸಂಖ್ಯೆ, ನಾವು ಬಂದ ಹೊತ್ತು, ವೈದ್ಯರು ಹೊರಟ ಹೊತ್ತು. ನಂತರ ಈ ವಾಕ್ಯ: "ತುರ್ತು ಸ್ಥಿತಿಯಲ್ಲಿದ್ದ ಮಗುವನ್ನು ಮೊದಲು ನೋಡಿದ್ದಕ್ಕೆ ನಮ್ಮ ಪೂರ್ಣ ಒಪ್ಪಿಗೆ ಇದೆ, ಉಳಿದವರನ್ನು ನಮ್ಮ ಸಂಖ್ಯೆಗಿಂತ ಮೊದಲು ಒಳಗೆ ಬಿಟ್ಟದ್ದಕ್ಕೆ ವೈದ್ಯಕೀಯ ಕಾರಣವೇನು ಎಂಬುದನ್ನು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇವೆ." ಬೈಗುಳ, ವಿಶೇಷಣ ಒಂದೂ ಇರಲಿಲ್ಲ. ಎರಡು ಪ್ರತಿ ಮಾಡಿ, ಒಂದರ ಮೇಲೆ ಆಸ್ಪತ್ರೆಯ ಸೀಲು ಮತ್ತು ಸ್ವೀಕರಿಸಿದವರ ಸಹಿ ಹಾಕಿಸಿಕೊಂಡೆವು. ಸೀಲಿಗಾಗಿ ಅರ್ಧ ಗಂಟೆ ನಿಲ್ಲಬೇಕಾಯಿತು, ಆದರೆ ಅದಿಲ್ಲದೆ ಹೊರಗೆ ಬಂದಿದ್ದರೆ ಮುಂದಿನ ಯಾವ ಕಚೇರಿಯಲ್ಲಿಯೂ ನಮ್ಮ ಮಾತಿಗೆ ಆಧಾರ ಇರುತ್ತಿರಲಿಲ್ಲ.

ಮುಂದಿನ ಕಚೇರಿ ಯಾವುದು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿರಬೇಕು. 2017ರಲ್ಲಿ ಅದಕ್ಕೆ ತಿದ್ದುಪಡಿ ತಂದಾಗ ಖಾಸಗಿ ವೈದ್ಯರು ರಾಜ್ಯದಾದ್ಯಂತ ಮುಷ್ಕರ ಹೂಡಿದ್ದು ನೆನಪಿರಬಹುದು. ಆ ತಿದ್ದುಪಡಿಯಿಂದ ಪ್ರತಿ ಜಿಲ್ಲೆಯಲ್ಲಿಯೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ ರಚನೆಯಾಗಿದೆ, ಜಿಲ್ಲಾ ಆರೋಗ್ಯಾಧಿಕಾರಿಗಳು ಅದರ ಸದಸ್ಯ ಕಾರ್ಯದರ್ಶಿ. ನಮ್ಮ ಪತ್ರದ ಸೀಲು ಬಿದ್ದ ಪ್ರತಿಯನ್ನು ಲಗತ್ತಿಸಿ ದೂರನ್ನು ಅಲ್ಲಿಗೆ ಕೊಟ್ಟಿದ್ದೇವೆ. ಅದರ ಜೊತೆಗೆ ಗ್ರಾಹಕರ ಆಯೋಗದ ದಾರಿಯೂ ಇದೆ. ಹಣ ಪಡೆದು ನೀಡುವ ವೈದ್ಯಕೀಯ ಸೇವೆಯೂ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿದೆ. ಈಗಿನ 2019ರ ಕಾಯ್ದೆಯ ಪ್ರಕಾರ ಘಟನೆ ನಡೆದ ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ನಾವು ಆ ದಾರಿಯನ್ನು ಸದ್ಯಕ್ಕೆ ಹಿಡಿದಿಲ್ಲ, ಏಕೆಂದರೆ ನಮಗೆ ಬೇಕಾಗಿರುವುದು ಪರಿಹಾರದ ಹಣಕ್ಕಿಂತ ಆ ಕೈಬರಹದ ಚೀಟಿ ನಿಲ್ಲುವುದು.

ದೊಡ್ಡಮ್ಮನಂಥವರ ವಿಷಯದಲ್ಲಿ ಇನ್ನೂ ಒಂದು ಕಾನೂನು ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಕಾಯಿಲೆಯೂ ಸೇರಿದೆ. ಅದೇ ಕಾಯ್ದೆಯ 25ನೇ ಸೆಕ್ಷನ್ ಇಂಥವರಿಗೆ ತಪಾಸಣೆ ಮತ್ತು ಚಿಕಿತ್ಸೆಯಲ್ಲಿ ಆದ್ಯತೆ ಸಿಗುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕೆಂದು ಹೇಳುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹಿರಿಯ ನಾಗರಿಕರಿಗೆ ಪ್ರತ್ಯೇಕ ಸರದಿ ಇರಬೇಕೆಂದು 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಲ್ಲಿದೆ. ಇವುಗಳನ್ನು ಓದಿದ ಮೇಲೆ ನನ್ನ ಸಂಕಟ ಹೆಚ್ಚಾಯಿತು. ಆದ್ಯತೆ ಪಡೆಯಬೇಕಾದ ವ್ಯಕ್ತಿ ತನ್ನ ಸಾಮಾನ್ಯ ಸರದಿಯನ್ನಾದರೂ ಕೊಡಿ ಎಂದು ಬೇಡುವ ಸ್ಥಿತಿಯಲ್ಲಿ ಅಲ್ಲಿ ಕುಳಿತಿದ್ದರು.

ಆಸ್ಪತ್ರೆಯಿಂದ ಲಿಖಿತ ಉತ್ತರ ಬರಲಿಲ್ಲ. ಆದರೆ ಆಡಳಿತಾಧಿಕಾರಿ ಫೋನ್ ಮಾಡಿ ಹಣ ಹಿಂದಿರುಗಿಸುವುದಾಗಿ ಹೇಳಿದರು, ಹಿಂದಿರುಗಿಸಿದರು ಕೂಡ. ಮುಂದಿನ ಭೇಟಿಯಲ್ಲಿ ದೊಡ್ಡಮ್ಮನನ್ನು ಎಲ್ಲರಿಗಿಂತ ಮೊದಲು ಕರೆದರು. ನಾವು ಅದನ್ನು ಒಪ್ಪಲಿಲ್ಲ. ನಮ್ಮ ಸಂಖ್ಯೆ ಬಂದಾಗ ಕರೆಯಿರಿ ಎಂದೆವು. ದೂರು ಕೊಟ್ಟವರನ್ನು ಸಮಾಧಾನಪಡಿಸಲು ಅದೇ ಚೀಟಿಯಲ್ಲಿ ಇನ್ನೊಂದು ಹೆಸರು ಸೇರಿಸಿದರೆ, ಹಿಂದಿನ ವಾರ ನಾವು ಕಾದಂತೆ ಈ ವಾರ ಇನ್ನಾರೋ ಕಾಯುತ್ತಾರೆ. ವೈದ್ಯರು ಅಂದು ದೊಡ್ಡಮ್ಮನನ್ನು ಸಾವಧಾನವಾಗಿ ನೋಡಿದರು, ಎರಡು ಮಾತ್ರೆಗಳ ನಡುವಿನ ಅಂತರವನ್ನು ಕಡಿಮೆ ಮಾಡಿದರು. ಚೀಟಿಯ ವಿಷಯ ಹೇಳಿದಾಗ, ಹೊರಗೆ ಎಷ್ಟು ಜನ ಉಳಿದಿದ್ದಾರೆಂದು ತಮಗೆ ಯಾರೂ ಹೇಳುವುದಿಲ್ಲ ಎಂದರು. ಅದನ್ನು ನಾನು ನಂಬುತ್ತೇನೆ, ಆದರೆ ಹೊರಡುವ ಮುನ್ನ ಕೇಳುವುದು ಅವರಿಂದ ಆಗದ ಕೆಲಸವೇನಲ್ಲ.

ಈ ಎಲ್ಲದರ ನಡುವೆ ನಮಗೆ ಅತಿ ಕಷ್ಟವಾದದ್ದು ದೊಡ್ಡಮ್ಮನನ್ನು ಒಪ್ಪಿಸುವುದು. "ಬ್ಯಾಡ ಬುಡು ಮಗ, ನಾಳಿಕೆ ಅವರ ಹತ್ರನೇ ಹೋಗ್ಬೇಕು ನಾವು" ಎಂದು ಅವರು ದಾರಿಯುದ್ದಕ್ಕೂ ಹೇಳುತ್ತಿದ್ದರು. ಈ ಭಯಕ್ಕೆ ಆಧಾರವಿಲ್ಲ ಎಂದು ನಾನು ಹೇಳಲಾರೆ. ಇಡೀ ಜಿಲ್ಲೆಗೆ ಬಂದು ಹೋಗುವ ಬೆರಳೆಣಿಕೆಯ ತಜ್ಞರಲ್ಲಿ ಒಬ್ಬರ ಮನಸ್ಸು ಮುರಿದರೆ ರೋಗಿ ಎಲ್ಲಿಗೆ ಹೋಗಬೇಕು? ಜನ ಸುಮ್ಮನಿರುವುದನ್ನು ನೋಡಿ ಅವರಿಗೆ ಒಪ್ಪಿಗೆಯಿದೆ ಎಂದು ಆಸ್ಪತ್ರೆಯವರು ಭಾವಿಸುತ್ತಾರೆ. ಜನ ಸುಮ್ಮನಿರುವುದು ಬೇರೆ ದಾರಿಯಿಲ್ಲದೆ. ಅದಕ್ಕಾಗಿಯೇ ದೂರನ್ನು ದೊಡ್ಡಮ್ಮನ ಹೆಸರಿನಲ್ಲಿ ಕೊಡದೆ, ಜೊತೆಯಲ್ಲಿದ್ದ ನನ್ನ ಹೆಸರಿನಲ್ಲಿ ಕೊಟ್ಟೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವ ಮಕ್ಕಳು, ಸೊಸೆಯಂದಿರು, ಅಕ್ಕಪಕ್ಕದವರು ಹೀಗೆ ಮಾಡಬಹುದು.

ದೂರಿನಲ್ಲಿ ನಾವು ಕೇಳಿರುವುದು ಹೆಚ್ಚೇನಿಲ್ಲ. ನಡೆಯುತ್ತಿರುವ ಟೋಕನ್ ಸಂಖ್ಯೆ ಎಲ್ಲರಿಗೂ ಕಾಣುವಂತೆ ಫಲಕದಲ್ಲಿರಬೇಕು. ಯಾರನ್ನಾದರೂ ಮೊದಲು ಕಳುಹಿಸಿದರೆ ಅದರ ವೈದ್ಯಕೀಯ ಕಾರಣವನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಬಸ್ಸಿನಲ್ಲಿ ದೂರದಿಂದ ಬರುವವರಿಗೆ, ಹೆಸರು ಬರೆಸುವಾಗಲೇ ಊರನ್ನು ಕೇಳಿ, ಮಧ್ಯಾಹ್ನದೊಳಗೆ ಮುಗಿಯುವ ಸಮಯವನ್ನು ಕೊಡಬೇಕು. ನೋಡದೆ ಉಳಿದವರಿಗೆ ಅಂದೇ ಹಣ ವಾಪಸು ಕೊಟ್ಟು, ಮುಂದಿನ ಭೇಟಿಯ ಮೊದಲ ಸಂಖ್ಯೆಗಳನ್ನು ಅವರಿಗೇ ಮೀಸಲಿಡಬೇಕು. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಿಂದ ವಿಚಾರಣೆಗೆ ಕರೆ ಬರಬೇಕಾಗಿದೆ. ಅರಕಲಗೂಡಿನ ಆ ಹಿರಿಯರ ಮಗ ತಮ್ಮ ತಂದೆಯ ರಶೀದಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಕರೆದ ದಿನ ತಾವೂ ಬರುವುದಾಗಿ ಹೇಳಿದ್ದಾರೆ.