ಇಫ್ ಐ ವರ್...

ಮಗಳಿಗೆ ಗ್ರಾಮರ್ ಹೋಂವರ್ಕ್ ಮಾಡಿಸುತ್ತಾ ಕೂತಿದ್ದೆ. 'ಐ' ಬಂದರೆ 'ವಾಸ್' ತಾನೇ, ಇಲ್ಲಿ 'ವರ್' ಯಾಕೆ ಅಂತ ಅವಳ ತಕರಾರು. ಇದು ನಿಜ ಅಲ್ಲ, ಸುಮ್ನೆ ಊಹೆ, ಅದಕ್ಕೇ ಅಂತ ಎರಡು ಸಲ ಹೇಳಿದೆ. ತಲೆಗೆ ಹೋಗಲಿಲ್ಲ. ಕೊನೆಗೆ ಫೋನಲ್ಲಿ ಪಾಪ್ ಗಾಯಕಿ ಬಿಯಾನ್ಸೆಯ 2008ರ 'ಇಫ್ ಐ ವರ್ ಎ ಬಾಯ್' ಹಾಡು ಹಾಕಿದೆ.

"ಓ, ನಾನು ಹುಡುಗ ಆಗಿದ್ರೆ!" ಅಂದಳು.

ಅಷ್ಟೇ. ನಮ್ಮ 'ಆಗಿದ್ರೆ'ಯಲ್ಲೇ ಇಡೀ ಪಾಠ ಇತ್ತು, ನನಗೇ ಹೊಳೆದಿರಲಿಲ್ಲ.

ಅದೇ ಹುರುಪಿನಲ್ಲಿ ಬೀಟಲ್ಸ್‌ನವರ 1965ರ 'ಟಿಕೆಟ್ ಟು ರೈಡ್' ಹಾಕಿದ್ದೇ ತಪ್ಪಾಯಿತು. 'ಶೀ ಡೋಂಟ್ ಕೇರ್' ಅಂತ ಬಂತು. "ಡಸಂಟ್ ಅಲ್ವಾ ಅಪ್ಪಾ?" ಅಂತ ಪೆನ್ಸಿಲ್ ಎತ್ತಿದಳು. ಆಡುಮಾತು ಕಣೇ, ರಾಗಕ್ಕೂ ಕೂರಬೇಕಲ್ಲ ಅಂದೆ.

"ಹಾಗಾದ್ರೆ ಪರೀಕ್ಷೇಲಿ ನಾನೂ ಹಾಡ್ಕೊಂಡೇ ಬರೀತೀನಿ."